ಹತ್ತು ವರ್ಷಕ್ಕೊಮ್ಮೆ ಬೀಸುವ ಬಲೆ

ಕಲ್ಯಾಣಕ್ಕೆ ರೈಲು ಬಂದದ್ದು 1854ರ ಮೇ 1ರಂದು. ಬಸವಣ್ಣನವರ ಕಲ್ಯಾಣವಲ್ಲ, ಠಾಕುರ್ಲಿ ದಾಟಿದ ಮೇಲೆ ಸಿಗುವ ನಮ್ಮ ಮುಂಬಯಿ ಲೋಕಲ್ಲಿನ ಕಲ್ಯಾಣ. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಹುಲ್ಲುಬಯಲಿನ ನಡುವೆ ಇದ್ದ ಗೇಲ್ಸ್‌ಬರ್ಗ್ ಎಂಬ ಊರಿಗೂ ರೈಲು ಬಂತು. ಇಲ್ಲಿ ಹಳಿ ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಕವಲಾದ ಹಾಗೆ ಅಲ್ಲೂ ಕವಲಾಯಿತು. ಊರು ಜಂಕ್ಷನ್ ಆಯಿತು. ವರ್ಕ್‌ಶಾಪು, ಯಾರ್ಡು, ಅದನ್ನು ನಂಬಿ ದೂರದೇಶದಿಂದ ಬಂದ ಕೂಲಿಕಾರರು, ಅವರ ಬೆನ್ನಿಗೇ ಅಂಗಡಿ, ಖಾನಾವಳಿ, ಅವರವರ ಭಾಷೆಯ ಚರ್ಚು.

ಕಲ್ಯಾಣ ಬೆಳೆದು ಮಹಾನಗರದೊಳಗೆ ಕರಗಿತು. ಗೇಲ್ಸ್‌ಬರ್ಗಿನ ಜನಸಂಖ್ಯೆ ಈಗಲೂ ಸುಮಾರು 30,000. ಡೊಂಬಿವಲಿ ಪೂರ್ವದ ಒಂದು ಮೂಲೆಗೆ ಸಾಲದು. ಆದರೆ ಅದರ ಗಣ್ಯರ ಪಟ್ಟಿ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು: ಮೂರು ಸಲ ಪುಲಿಟ್ಜರ್ ಗೆದ್ದ ಕವಿ ಕಾರ್ಲ್ ಸ್ಯಾಂಡ್‌ಬರ್ಗ್, ಮಾಹಿಮ್ ಮೇಳದಲ್ಲಿ ಮಕ್ಕಳು ಹಟಹಿಡಿದು ಹತ್ತುವ ಜಾಯಿಂಟ್ ವೀಲಿನ ಮೂಲಪುರುಷ ಜಾರ್ಜ್ ಫೆರಿಸ್, ಚಿತ್ರಕಾರ್ತಿ ಡೊರೊಥಿಯಾ ಟ್ಯಾನಿಂಗ್, ಅಂತರ್ಯುದ್ಧದ ದಾದಿ ಮೇರಿ ಆನ್ ಬಿಕರ್‌ಡೈಕ್, ಹುಡುಗನಾಗಿ ಅಲ್ಲಿ ಶಾಲೆಗೆ ಹೋದ ರೊನಾಲ್ಡ್ ರೇಗನ್.

ಇಲ್ಲಿ ಕೂತು ಆ ಊರಿನ ವಿಷಯ ಬರೆಯಲು ಕಾರಣ ಉಂಟು. ಮುಂಬಯಿಯ ಕನ್ನಡ ಸಂಘಗಳು ಬೆಳ್ಳಿಹಬ್ಬಕ್ಕೋ ವಜ್ರ ಮಹೋತ್ಸವಕ್ಕೋ ಸ್ಮರಣ ಸಂಚಿಕೆ ತರುವಾಗ ‘ನಮ್ಮ ಪರಿಸರದ ಗಣ್ಯರು’ ಎಂದು ನಾಲ್ಕು ಪುಟ ಇದ್ದೇ ಇರುತ್ತದೆ. ಆ ಪುಟಗಳು ಎಡವುವುದೂ ಗೇಲ್ಸ್‌ಬರ್ಗಿನ ಪಟ್ಟಿ ಎಡವುವ ಜಾಗದಲ್ಲೇ. ಹುಟ್ಟಿದವ, ಬೆಳೆದವ, ದುಡಿದವ, ಒಂದು ದಿನ ಬಂದು ಭಾಷಣ ಮಾಡಿ ಹೋದವ, ಎಲ್ಲರೂ ಅಕಾರಾದಿಯಲ್ಲಿ ಒಂದೇ ಪಂಕ್ತಿಗೆ ಕೂರುತ್ತಾರೆ. ಅಬ್ರಹಾಂ ಲಿಂಕನ್ ಕೂಡ ಆ ಪಂಕ್ತಿಯಲ್ಲಿ ಉಂಟು. 1858ರ ಅಕ್ಟೋಬರ್ 7ರಂದು ಸೆನೆಟ್ ಚುನಾವಣೆಯ ಎದುರಾಳಿ ಡಗ್ಲಸ್ ಜೊತೆ ಐದನೆಯ ವಾದಕ್ಕೆ ಬಂದು, ನಾಕ್ಸ್ ಕಾಲೇಜಿನ ಓಲ್ಡ್ ಮೇನ್ ಕಟ್ಟಡದ ಗೋಡೆಗೆ ಒತ್ತಿ ಕಟ್ಟಿದ ಕಟ್ಟೆಯ ಮೇಲೆ ನಿಂತು ಮಾತಾಡಿದ್ದಕ್ಕೆ. ಕಟ್ಟಡ ಇನ್ನೂ ಇದೆ, ಹಾಗಾಗಿ ಹೆಮ್ಮೆ ಸಹಜ. ಆದರೆ ಒಂದು ಮಧ್ಯಾಹ್ನದ ಅತಿಥಿ ಊರಿನವನಾಗುವುದಿಲ್ಲ.

ಮೊದಲು ಮಾಡಬೇಕಾದದ್ದು ಇಷ್ಟೇ. ಪ್ರತಿ ಹೆಸರಿನ ಮುಂದೆ ಎರಡು ಇಸವಿ ಬರೆಯುವುದು, ಊರಿಗೆ ಬಂದದ್ದು ಮತ್ತು ಊರು ಬಿಟ್ಟದ್ದು. ಹುಟ್ಟು, ಸಾವು ಬೇರೆ ಕಾಲಮ್ಮು, ಅವನ್ನು ಇದರೊಳಗೆ ಬೆರೆಸಬಾರದು. ಈ ಎರಡು ಇಸವಿ ಬಿದ್ದ ಕೂಡಲೇ ಯಾವ ದಾಖಲೆಯಲ್ಲಿ ಯಾರನ್ನು ಹುಡುಕಬೇಕು, ಯಾರನ್ನು ಹುಡುಕಿ ಪ್ರಯೋಜನವಿಲ್ಲ ಎನ್ನುವುದು ಅರ್ಧ ತಿಳಿಯುತ್ತದೆ.

ಅಮೆರಿಕದ ಊರಿನ ಚರಿತ್ರೆಗೆ ಬೆನ್ನೆಲುಬು ಜನಗಣತಿ. ಹತ್ತು ವರ್ಷಕ್ಕೊಮ್ಮೆ ಬೀಸುವ ಬಲೆ ಅದು. ಮನೆಮನೆಯ ಹಾಳೆಗಳು 72 ವರ್ಷ ಮುಚ್ಚಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುತ್ತವೆ. 1950ರದು 2022ರ ಏಪ್ರಿಲಿನಲ್ಲಿ ತೆರೆಯಿತು. ಎಣಿಕೆಗೆ ಒಂದು ಗೊತ್ತುಪಡಿಸಿದ ದಿನ ಇರುತ್ತದೆ, ಅದು ಪ್ರತಿ ಸಲ ಒಂದೇ ಅಲ್ಲ: 1880 ಮತ್ತು 1900ರಲ್ಲಿ ಜೂನ್ 1, 1910ರಲ್ಲಿ ಏಪ್ರಿಲ್ 15, 1920ರಲ್ಲಿ ಜನವರಿ 1, 1930ರಲ್ಲಿ ಏಪ್ರಿಲ್ 1. ಈ ತಾರೀಕು ನೋಡದೆ ಹುಡುಕಲು ಕೂತವರು ರಾತ್ರಿಗಟ್ಟಲೆ ಕಣ್ಣು ಕೆಡಿಸಿಕೊಳ್ಳುತ್ತಾರೆ.

ಟ್ಯಾನಿಂಗ್ ಹುಟ್ಟಿದ್ದು ಗೇಲ್ಸ್‌ಬರ್ಗಿನಲ್ಲೇ, 1910ರ ಆಗಸ್ಟ್ 25ರಂದು. ಎಣಿಕೆಯ ದಿನ ಏಪ್ರಿಲ್ 15. ನಾಲ್ಕು ತಿಂಗಳಲ್ಲಿ ಬಲೆ ತಪ್ಪಿತು, ಅವಳಿಗೆ 1920ರ ಹಾಳೆಯಿಂದಲೇ ಶುರುಮಾಡಬೇಕು. ರೇಗನ್ ಕುಟುಂಬ ಅಲ್ಲಿದ್ದದ್ದು ಸುಮಾರು 1915ರಿಂದ 1918ರವರೆಗೆ. 1910ರಲ್ಲಿ ಹುಡುಗ ಹುಟ್ಟಿಯೇ ಇರಲಿಲ್ಲ, 1920ಕ್ಕೆ ಅವರು ಊರು ಬಿಟ್ಟಾಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದವನು ಗೇಲ್ಸ್‌ಬರ್ಗಿನ ಒಂದು ಜನಗಣತಿಯಲ್ಲೂ ಬರುವಂತಿಲ್ಲ. ಅವನನ್ನು ಊರಿಗೆ ಕಟ್ಟುವ ಹಗ್ಗ ಸೈಲಸ್ ವಿಲರ್ಡ್ ಶಾಲೆಯದು, ಒಂದನೆಯ ಕ್ಲಾಸು. ಫೆರಿಸ್ 1859ರ ಫೆಬ್ರವರಿ 14ರಂದು ಹುಟ್ಟಿ ಐದನೆಯ ವಯಸ್ಸಿಗೆ ಮನೆಯವರೊಂದಿಗೆ ನೆವಾಡಾಕ್ಕೆ ಹೋದ. ಬಲೆಗೆ ಬೀಳಬಹುದಾದದ್ದು 1860ರಲ್ಲಿ ಒಮ್ಮೆ ಮಾತ್ರ, ತೊಟ್ಟಿಲಿನ ಕೂಸಾಗಿ.

ಫೆರಿಸ್ ವಿಷಯದಲ್ಲಿ ಒಂದು ಮಾತು ಹೆಚ್ಚು ಹೇಳಬೇಕು. 1893ರ ಶಿಕಾಗೊ ಮೇಳಕ್ಕೆ ಅವನು ಎಬ್ಬಿಸಿದ ಚಕ್ರ 264 ಅಡಿ ಎತ್ತರ, 36 ಡಬ್ಬಿ, ಡಬ್ಬಿಗೆ 60 ಜನ, ಒಟ್ಟಿಗೆ 2,160 ಮಂದಿ ಮೇಲೇರುವ ರಾಕ್ಷಸ ಯಂತ್ರ. ಅದಕ್ಕೂ ಗೇಲ್ಸ್‌ಬರ್ಗಿಗೂ ಸಂಬಂಧವಿಲ್ಲ. ಅವನು ಎಂಜಿನಿಯರಿಂಗ್ ಕಲಿತದ್ದು ನ್ಯೂಯಾರ್ಕ್ ರಾಜ್ಯದಲ್ಲಿ, 1896ರಲ್ಲಿ ತೀರಿಕೊಂಡದ್ದು ಪಿಟ್ಸ್‌ಬರ್ಗಿನಲ್ಲಿ. ಹಾಗಂತ ಹೊಡೆದು ಹಾಕುವ ಹಾಗೂ ಇಲ್ಲ, ಅವನ ಪೂರ್ತಿ ಹೆಸರು ಓದಿ: ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್, ಜೂನಿಯರ್. ಊರು ಕಟ್ಟಿದ ಪಾದ್ರಿ ಜಾರ್ಜ್ ವಾಷಿಂಗ್ಟನ್ ಗೇಲ್. ಅವರ ಜೊತೆ ನ್ಯೂಯಾರ್ಕ್ ಕಡೆಯಿಂದ 1836ರ ಸುಮಾರಿಗೆ ಬಂದು ಊರಿಗೆ ಕಂಬ ನೆಟ್ಟವರಲ್ಲಿ ಸಿಲ್ವೇನಸ್ ಫೆರಿಸ್ ಒಬ್ಬರು. ಅವರು ಮಗನಿಗೆ ಪಾದ್ರಿಯ ಹೆಸರಿಟ್ಟರು, ಅದೇ ಮೊಮ್ಮಗನಿಗೂ ಇಳಿಯಿತು. ಊರಿನ ಚರಿತ್ರೆಗೆ ಬೇಕಾದವರು ಅಜ್ಜ, ಪ್ರಸಿದ್ಧಿ ಮೊಮ್ಮಗನದು. ಪಟ್ಟಿ ಬರೆಯುವವರು ಮೊಮ್ಮಗನನ್ನು ಹಿಡಿದು ಅಜ್ಜನನ್ನು ಬಿಡುತ್ತಾರೆ.

ಕಲ್ಯಾಣದಲ್ಲೂ ಒಬ್ಬ ಫೆರಿಸ್ ಇದ್ದಾರೆ. ಡಾಕ್ಟರ್ ಆನಂದಿಬಾಯಿ ಜೋಶಿ ಹುಟ್ಟಿದ್ದು ಕಲ್ಯಾಣದಲ್ಲಿ, 1865ರ ಮಾರ್ಚ್ 31ರಂದು. ಒಂಬತ್ತರಲ್ಲಿ ಮದುವೆ, ಆಮೇಲೆ ಗಂಡನ ವರ್ಗಾವಣೆಯ ಬೆನ್ನಿಗೆ ಊರೂರು, 1886ರಲ್ಲಿ ಫಿಲಡೆಲ್ಫಿಯಾದ ಪದವಿ, 1887ರಲ್ಲಿ ಪುಣೆಯಲ್ಲಿ ಸಾವು. ಕಲ್ಯಾಣದವರು ಹೆಮ್ಮೆಪಡಲಿ, ಆದರೆ ‘ಬಿಟ್ಟದ್ದು’ ಕಾಲಮ್ಮನ್ನು ಖಾಲಿ ಬಿಡಬಾರದು.

ಬಲೆಯ ದೊಡ್ಡ ತೂತು 1890ರದು. ಆ ವರ್ಷದ ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರಕಾರಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸುಟ್ಟು, ನೀರು ಕುಡಿದು ಹಾಳಾದವು. ಉಳಿದ ಚೂರು ಲೆಕ್ಕಕ್ಕಿಲ್ಲ. ಹಾಗಾಗಿ 1880 ಆದಮೇಲೆ 1900, ನಡುವೆ ಇಪ್ಪತ್ತು ವರ್ಷ ಕತ್ತಲೆ. ಸ್ಯಾಂಡ್‌ಬರ್ಗ್ ಹುಟ್ಟಿದ್ದು 1878ರ ಜನವರಿ 6ರಂದು, ಈಸ್ಟ್ ಥರ್ಡ್ ಸ್ಟ್ರೀಟಿನ ಮೂರು ಖೋಲಿಯ ಮನೆಯಲ್ಲಿ. ಒಂದು ಎಣಿಕೆಗೆ ಎರಡು ವರ್ಷದ ಮಗು, ಮುಂದಿನ ಎಣಿಕೆಗೆ 22ರ ಯುವಕ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದು, ಹಾಲಿನ ಗಾಡಿ ಓಡಿಸಿದ್ದು, ಗೂಡ್ಸ್ ರೈಲು ಹತ್ತಿ ಪಶ್ಚಿಮಕ್ಕೆ ಓಡಿದ್ದು, 1898ರಲ್ಲಿ ಸ್ಪೇನಿನ ಯುದ್ಧಕ್ಕೆ ಸೇರಿ ಪೋರ್ಟೊರಿಕೊಕ್ಕೆ ಹೋದದ್ದು, ಆ ಊರಿನ ಹುಡುಗನನ್ನು ಕವಿಯಾಗಿ ಮಾಡಿದ್ದೆಲ್ಲ ಆ ತೂತಿನಲ್ಲೇ ನಡೆಯಿತು.

ಅವನನ್ನು ಹುಡುಕುವಾಗ ಹೆಸರೂ ಕೈಕೊಡುತ್ತದೆ. ಶಾಲೆಯಲ್ಲಿ ಅವನು ತನ್ನನ್ನು ಚಾರ್ಲ್ಸ್ ಎಂದು ಕರೆದುಕೊಂಡ, ಕಾರ್ಲ್ ಎಂದು ಹುಡುಕಿದರೆ ಸಿಗುವುದಿಲ್ಲ. ಮನೆತನದ ಹೆಸರಿನ ಕಾಗುಣಿತ ಮೊದಲು ‘ಬರ್ಗ್’ ಎನ್ನುವಲ್ಲಿ ‘ಇ’ ಅಕ್ಷರದ್ದು, ಮಕ್ಕಳು ಅದನ್ನು ‘ಯು’ ಮಾಡಿಕೊಂಡರು. ಅದಕ್ಕೂ ಹಿಂದೆ ಸ್ವೀಡನ್ನಿನಿಂದ ಬಂದ ಅಪ್ಪ ಆಗಸ್ಟ್ ಜಾನ್ಸನ್ ಆಗಿದ್ದ. ಊರಿನಲ್ಲಿ ಆಗಸ್ಟ್ ಜಾನ್ಸನ್‌ಗಳು ಮಿತಿಮೀರಿ, ಒಬ್ಬನದು ಇನ್ನೊಬ್ಬನಿಗೆ ಹೋಗಿ ಸೇರುತ್ತದೆಂದು ಹೆಸರು ಬದಲಿಸಿದ ಎನ್ನುವುದು ಮನೆಮಾತು. ಶೆಟ್ಟಿ, ಪೂಜಾರಿ, ರಾವ್‌ಗಳ ನಡುವೆ ಇರುವ ಮುಂಬಯಿ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಅಮೆರಿಕದ ದಫ್ತರದವರು ಕಂಡುಕೊಂಡ ಉಪಾಯ ಸೌಂಡೆಕ್ಸ್. ಹೆಸರಿನ ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರ ಇಟ್ಟುಕೊಂಡು, ಸ್ವರ ಮತ್ತು ಎಚ್, ಡಬ್ಲ್ಯು, ವೈ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕೆ ಕೊಡುವುದು: ಬಿ, ಎಫ್, ಪಿ, ವಿ ಬಂದರೆ 1, ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಝಡ್ ಬಂದರೆ 2, ಡಿ, ಟಿ ಬಂದರೆ 3, ಎಲ್‌ಗೆ 4, ಎಂ, ಎನ್‌ಗೆ 5, ಆರ್‌ಗೆ 6. ಒತ್ತಾಗಿ ಬಂದ ಒಂದೇ ಅಂಕೆಯವನ್ನು ಒಂದೇ ಸಲ ಎಣಿಸಬೇಕು. ಮೂರು ಅಂಕೆಗೆ ನಿಲ್ಲಿಸಬೇಕು, ಸಾಲದಿದ್ದರೆ ಸೊನ್ನೆ. ‘ಇ’ ಇರಲಿ ‘ಯು’ ಇರಲಿ, ಸ್ಯಾಂಡ್‌ಬರ್ಗ್ ಎಸ್ 531. ಕಾಗುಣಿತದ ಗೊಂದಲ ಅಲ್ಲಿಗೆ ಮುಗಿಯಿತು. ಜಾನ್ಸನ್ ಮಾತ್ರ ಜೆ 525, ಬದಲಾದ ಹೆಸರನ್ನು ಯಾವ ಉಪಾಯವೂ ಹಿಡಿಯದು. ನಮ್ಮ ಹೆಸರುಗಳಿಗೂ ಹಾಕಿ ನೋಡಿ. ಪೂಜಾರಿ ಎಂಬುದನ್ನು ಎರಡು ‘ಓ’ ಹಾಕಿ ಬರೆದರೂ ಒಂದು ‘ಯು’ ಹಾಕಿ ಬರೆದರೂ ಪಿ 260. ಶೆಟ್ಟಿ, ಸೆಟ್ಟಿ ಎರಡೂ ಎಸ್ 300. ರಾವ್ ಹಾಕಿದರೆ ಆರ್ 000 ಬರುತ್ತದೆ, ಬಂಗಾಲದ ರಾಯ್ ಕೂಡ ಅದೇ ಡಬ್ಬಿಯೊಳಗೆ. ಸಂಘದ ಹಳೆ ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ಗೆ ಏರಿಸುವವರು ಈ ಒಂದು ಕಾಲಮ್ಮು ಸೇರಿಸಿದರೆ ಒಬ್ಬನೇ ಮನುಷ್ಯ ಮೂರು ಕಾಗುಣಿತದಲ್ಲಿ ಮೂವರಾಗುವುದು ತಪ್ಪುತ್ತದೆ.

ಎರಡು ಎಣಿಕೆಯ ನಡುವಿನ ವರ್ಷಗಳಿಗೆ ಊರಿನ ಡೈರೆಕ್ಟರಿ ನೋಡಬೇಕು. ಫೋನ್ ಬರುವ ಮೊದಲೇ ಅಚ್ಚಾಗುತ್ತಿದ್ದ, ಹೆಸರು, ಕಸುಬು, ವಿಳಾಸದ ಪುಸ್ತಕ. ‘ಬಿಡಿಎಸ್’ ಎಂದಿದ್ದರೆ ಹಲ್ಲಿನ ಡಾಕ್ಟರಲ್ಲ, ದುಡ್ಡು ಕೊಟ್ಟು ಊಟ ವಸತಿಗೆ ಇರುವವ. ‘ಡಬ್ಲ್ಯುಐಡಿ’ ಎಂದರೆ ವಿಧವೆ, ಪಕ್ಕದಲ್ಲಿ ಸತ್ತ ಗಂಡನ ಹೆಸರು. ಎಷ್ಟೋ ಹೆಂಗಸರ ಹೆಸರು ಡೈರೆಕ್ಟರಿಗೆ ಏರುವುದೇ ಗಂಡ ಸತ್ತಮೇಲೆ. ‘ಸಿ ಬಿ ಅಂಡ್ ಕ್ಯೂ’ ಎಂದರೆ ಶಿಕಾಗೊ, ಬರ್ಲಿಂಗ್‌ಟನ್ ಅಂಡ್ ಕ್ವಿನ್ಸಿ ರೈಲ್ವೆ, ಊರವರ ಬಾಯಲ್ಲಿ ಬರೇ ‘ಕ್ಯೂ’. ಸ್ಯಾಂಡ್‌ಬರ್ಗನ ಅಪ್ಪ ದುಡಿದದ್ದು ಅದರ ಕಮ್ಮಾರಸಾಲೆಯಲ್ಲಿ. ಇಲ್ಲೊಂದು ಗುಂಡಿ ಇದೆ. ‘ಕ್ಯೂ’ 1970ರಲ್ಲಿ ಬರ್ಲಿಂಗ್‌ಟನ್ ನಾರ್ದರ್ನ್ ಆಯಿತು, ಈಗ ಬಿಎನ್‌ಎಸ್‌ಎಫ್. ಕಡತ ಹುಡುಕುವಾಗ ಆ ಇಸವಿಗೆ ಕಂಪನಿಯ ಹೆಸರೇನಿತ್ತೋ ಅದನ್ನೇ ಕೇಳಬೇಕು, ನಮ್ಮಲ್ಲಿ 1951ಕ್ಕೆ ಮುಂಚಿನ ಸೆಂಟ್ರಲ್ ರೈಲ್ವೆ ನೌಕರನನ್ನು ಜಿಐಪಿ, ಅಂದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಹುಡುಕುವ ಹಾಗೆ. ಇನ್ನೊಂದು: ಡೈರೆಕ್ಟರಿಯ ಮೇಲಿನ ಇಸವಿ ಅಚ್ಚಾದದ್ದು, ಮನೆಮನೆ ತಿರುಗಿ ಬರೆದುಕೊಂಡದ್ದು ಅದಕ್ಕಿಂತ ಮೊದಲು.

ಮನೆ ನಂಬರನ್ನು ನಂಬಲೇಬಾರದು. ಅಮೆರಿಕದ ಊರುಗಳು ಬೀದಿ ಬೀದಿಯನ್ನೇ ಮರುನಂಬರು ಮಾಡಿವೆ. ಅಡ್ಡರಸ್ತೆ ಯಾವುದು, ಮೂಲೆಯಿಂದ ಎಷ್ಟನೆಯ ಮನೆ ಎಂದು ಹಿಡಿಯಬೇಕು. ಅದಕ್ಕೆ ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆಯಷ್ಟು ಒಳ್ಳೆಯ ಸಾಧನವಿಲ್ಲ. ಒಂದು ಇಂಚಿಗೆ 50 ಅಡಿ. ಹಳದಿ ಬಣ್ಣವಿದ್ದರೆ ಮರದ ಮನೆ, ಗುಲಾಬಿ ಇಟ್ಟಿಗೆ, ನೀಲಿ ಕಲ್ಲು, ಬೂದು ತಗಡು. ಬೆಂಕಿ ಬೇಗ ಹತ್ತುವುದು ಎಲ್ಲಿ ಎಂದು ಲೆಕ್ಕ ಹಾಕಲು ಮಾಡಿದ ನಕ್ಷೆ ಈಗ ಬಡವ ಎಲ್ಲಿದ್ದ, ಸಾಹುಕಾರ ಎಲ್ಲಿದ್ದ ಎನ್ನುವುದನ್ನು ಬಣ್ಣದಲ್ಲೇ ಹೇಳುತ್ತದೆ. ಎಡವಟ್ಟು ಎರಡು. ಕಂಪನಿಯವರು ಬದಲಾವಣೆಯನ್ನು ಚೀಟಿಯಲ್ಲಿ ಮುದ್ರಿಸಿ ಹಳೆಯದರ ಮೇಲೆ ಅಂಟಿಸುತ್ತಿದ್ದರು. ಮೇಲೆ ಬರೆದ ಇಸವಿ ಒಂದು, ಅಂಟಿಸಿದ ಮನೆಯ ಇಸವಿ ಇನ್ನೊಂದು. ಮತ್ತೆ, ವಿಮೆ ಮಾಡಿಸುವವರು ಇದ್ದ ಪೇಟೆಯನ್ನೇ ಹೆಚ್ಚು ಬರೆದರು, ಅಂಚಿನ ಕೂಲಿಕಾರರ ಬೀದಿ ಬಿಟ್ಟುಹೋಗಿದ್ದರೆ ಆಶ್ಚರ್ಯವಿಲ್ಲ.

ಜಾಗದ ಕಾಗದಪತ್ರ ಓದುವುದು ಕಷ್ಟವೆಂದು ತೋರುತ್ತದೆ, ಒಮ್ಮೆ ಗುಟ್ಟು ತಿಳಿದರೆ ಮಹಾರಾಷ್ಟ್ರದ ಪಹಣಿಯಾದ ನಮ್ಮ ಸಾತ್‌ಬಾರಾ ಉತಾರೆಗಿಂತ ಸಲೀಸು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಸೆಕ್ಷನ್ನಿಗೆ 640 ಎಕರೆ. ನಂಬರು ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗಿ, ಕೆಳಗಿನ ಸಾಲಿನಲ್ಲಿ ಪೂರ್ವಕ್ಕೆ ತಿರುಗಿ, ಎತ್ತು ಉಳುವ ಹಾಗೆ ಹೋಗಿ ಬಂದು ಆಗ್ನೇಯದಲ್ಲಿ 36ಕ್ಕೆ ಮುಗಿಯುತ್ತದೆ. ‘ಹತ್ತನೆಯ ಸೆಕ್ಷನ್ನಿನ ನೈಋತ್ಯ ಕಾಲಿನ ಈಶಾನ್ಯ ಕಾಲು’ ಎಂದರೆ 640ರಲ್ಲಿ ಕಾಲು 160, ಅದರಲ್ಲಿ ಕಾಲು 40 ಎಕರೆ. ಇಂಗ್ಲಿಷ್ ಪತ್ರದಲ್ಲಿ ಸಣ್ಣದು ಮೊದಲು ಬರುತ್ತದೆ, ಹಾಗಾಗಿ ಅದನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಗೇಲ್ಸ್‌ಬರ್ಗ್ ಇರುವ ಸೀಮೆಗೆ ಮಿಲಿಟರಿ ಟ್ರ್ಯಾಕ್ಟ್ ಎಂದು ಹೆಸರು. 1812ರ ಯುದ್ಧದ ಸಿಪಾಯಿಗಳಿಗೆ ತಲೆಗೆ 160 ಎಕರೆ ಇನಾಮು ಕೊಟ್ಟ ಭೂಮಿ. ಬಹಳ ಮಂದಿ ಆ ನೆಲ ಕಣ್ಣಿಂದ ನೋಡದೆಯೇ ಮಾರಿದರು. ಆದ್ದರಿಂದ ಪತ್ರದ ಮೊದಲ ಹೆಸರು ಊರಿನ ಮೊದಲ ವಾಸಿಯದೆಂದು ತಿಳಿದರೆ ಮೋಸಹೋದಂತೆ.

ಇಷ್ಟೆಲ್ಲ ಇಂಗ್ಲಿಷ್ ದಾಖಲೆ. ಊರಿನ ಸ್ವೀಡಿಷ್ ಕೂಲಿಕಾರರ ಒಳಮನೆ ಇದರಲ್ಲಿ ಕಾಣದು. ಅದಕ್ಕೆ ‘ಹೆಮ್‌ಲಾಂಡೆಟ್’ ಪತ್ರಿಕೆ. ಟಿ. ಎನ್. ಹಾಸೆಲ್‌ಕ್ವಿಸ್ಟ್ ಎಂಬ ಪಾದ್ರಿ 1855ರಲ್ಲಿ ಗೇಲ್ಸ್‌ಬರ್ಗಿನಿಂದಲೇ ಹೊರಡಿಸಿದ ಸ್ವೀಡಿಷ್ ಪತ್ರಿಕೆ, ಹೆಸರಿನ ಅರ್ಥ ತಾಯ್ನಾಡು. ರೈಲು ಬಂದು ಒಂದು ವರ್ಷವೂ ಪೂರ್ತಿ ಆಗದ ಊರು! ಕೆಲವೇ ವರ್ಷದಲ್ಲಿ ಅದು ಶಿಕಾಗೊಕ್ಕೆ ಹೋಯಿತು, ಅದು ಬೇರೆ ಮಾತು.

ಬಿಕರ್‌ಡೈಕ್ ಬಗ್ಗೆ ಪಟ್ಟಿಯಲ್ಲಿ ಒಂದೇ ಸಾಲಿರುತ್ತದೆ, ನನ್ನ ಲೆಕ್ಕದಲ್ಲಿ ಮೊದಲ ಹೆಸರು ಅವಳದೇ ಆಗಬೇಕು. ಒಹಾಯೊದಲ್ಲಿ ಹುಟ್ಟಿದವಳು, 1856ರಲ್ಲಿ ಊರಿಗೆ ಬಂದಳು. ಗಂಡ ಸತ್ತಮೇಲೆ ಬೇರುನಾರಿನ ಔಷಧಿ ಕೊಟ್ಟು ಮಕ್ಕಳನ್ನು ಸಾಕಿದಳು. 1861ರಲ್ಲಿ, ಇಲಿನಾಯ್ ರಾಜ್ಯದ್ದೇ ಆದ ಕೈರೊ ಎಂಬಲ್ಲಿ ಸೈನಿಕರ ಆಸ್ಪತ್ರೆಯ ದುಸ್ಥಿತಿ ತಿಳಿಸುವ ಕಾಗದವನ್ನು ಎಡ್ವರ್ಡ್ ಬೀಚರ್ ಅವರ ಚರ್ಚಿನಲ್ಲಿ ಓದಿದರು. ಊರವರು ಕೂಡಿಸಿದ 500 ಡಾಲರಿನ ಸಾಮಾನು ತೆಗೆದುಕೊಂಡು ಹೋದವಳು ಯುದ್ಧ ಮುಗಿಯುವವರೆಗೆ ದಂಡಿನ ಜೊತೆಗೇ ಉಳಿದಳು. ಐದೇ ವರ್ಷ ಊರಲ್ಲಿದ್ದದ್ದು. ಆದರೆ ಕಳಿಸಿದ್ದು ಊರು, ಹಣ ಊರಿನದು, 1901ರಲ್ಲಿ ಕ್ಯಾನ್ಸಸ್‌ನಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಗೇಲ್ಸ್‌ಬರ್ಗಿನ ಲಿನ್‌ವುಡ್ ಸ್ಮಶಾನದಲ್ಲಿ. 1906ರಲ್ಲಿ ಕೋರ್ಟಿನ ಅಂಗಳದಲ್ಲಿ ನಿಲ್ಲಿಸಿದ ಅವಳ ಮೂರ್ತಿಯನ್ನು ಮಾಡಿದ್ದೂ ಒಬ್ಬ ಹೆಂಗಸು, ಥಿಯೊ ಕಿಟ್ಸನ್.

ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಕಥೆಯನ್ನು ಬದಿಗೆ ಒಂದು ಡಬ್ಬಿ ಕಟ್ಟಿ ಹಾಕಬಹುದು. 1914ರಲ್ಲಿ ನಾಟಕಕ್ಕೆ ಬಂದಾಗ ಇಸ್ಪೀಟಿನ ಎಲೆ ಹಂಚುತ್ತ ಆರ್ಟ್ ಫಿಷರ್ ಎಂಬ ಇನ್ನೊಬ್ಬ ಹಾಸ್ಯನಟ ಅವರಿಗೆ ಗ್ರೌಚೊ, ಹಾರ್ಪೊ ಎಂದು ಅಡ್ಡಹೆಸರಿಟ್ಟನಂತೆ. ಚೆಂದ ಉಂಟು, ಊರಿಗೇನೂ ಆಗಲಿಲ್ಲ. ಊರಿಗೆ ಆದದ್ದು 2004ರಲ್ಲಿ. ಮೇಟ್ಯಾಗ್ ಫ್ರಿಜ್ಜಿನ ಕಾರ್ಖಾನೆ ಬಾಗಿಲು ಹಾಕಿ ಕೆಲಸ ಮೆಕ್ಸಿಕೊಕ್ಕೆ ಹೋಯಿತು, ಸುಮಾರು 1,600 ಮಂದಿಯ ಕೆಲಸ. ಗಣ್ಯರ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ. 1982ರ ಗಿರಣಿ ಮುಷ್ಕರವನ್ನು ಬಿಟ್ಟು ಪರಳ-ಲಾಲ್‌ಬಾಗಿನ ಚರಿತ್ರೆ ಬರೆದರೆ ಹೇಗಿದ್ದೀತು?

ಈಗ ನಮ್ಮ ಕಡೆಗೆ. ನಮ್ಮ ಜನಗಣತಿಯ ಮನೆಹಾಳೆ 72 ವರ್ಷವಾದರೂ ತೆರೆಯುವುದಿಲ್ಲ, 1948ರ ಕಾಯಿದೆ ಅದನ್ನು ಗುಪ್ತವಾಗಿಡುತ್ತದೆ. ಆ ಬಲೆಯೇ ಇಲ್ಲ ಎಂದಮೇಲೆ ಉಳಿದದ್ದು ಕೈಗಾಳ. ಶಾಲೆಯ ಜನರಲ್ ರೆಜಿಸ್ಟರ್, ಅದರಲ್ಲೂ ಕನ್ನಡ ಮಾಧ್ಯಮದ ಶಾಲೆ ಮತ್ತು ಹೋಟೆಲ್ ಹುಡುಗರು ಓದಿದ ರಾತ್ರಿಶಾಲೆಗಳದು. ಖೋಲಿಯ ಬಾಡಿಗೆ ಪಾವತಿ, ರೇಶನ್ ಕಾರ್ಡು, ಫ್ಲಾಟಾಗಿದ್ದರೆ ನೋಂದಣಿ ಕಚೇರಿಯ ಇಂಡೆಕ್ಸ್ ಟೂ. ಎಲ್ಲಕ್ಕಿಂತ ಮಿಗಿಲು ಸಂಘದ ಕಪಾಟು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಮುಂಬಯಿಯ ಮರಾಠಿ, ಇಂಗ್ಲಿಷ್ ಪತ್ರಿಕೆಗಳ ಕಣ್ಣಿಗೆ ಬೀಳದ ಎಷ್ಟೋ ಜನ ಇಂಥ ಸಂಸ್ಥೆಗಳ ವರದಿ, ಪತ್ರಿಕೆ, ಸಂಚಿಕೆಗಳ ಜಾಹೀರಾತಿನಲ್ಲಿ ಸಿಗುತ್ತಾರೆ. ಜಾಹೀರಾತನ್ನು ಬಿಡಬೇಡಿ: ‘ಶುಭ ಹಾರೈಕೆಗಳೊಂದಿಗೆ’ ಎಂಬ ಕಾಲುಪುಟದಲ್ಲಿ ಹೋಟೆಲಿನ ಹೆಸರು, ಮಾಲಿಕರ ಹೆಸರು, ರಸ್ತೆ ಮೂರೂ ಇರುತ್ತದೆ. ನಮ್ಮ ಸಿಟಿ ಡೈರೆಕ್ಟರಿ ಅದೇ.

ಹೆಸರು ಬರೆಯುವಾಗ ಒಂದು ಎಚ್ಚರ. ಊರಲ್ಲಿ ಇನಿಶಿಯಲ್ಲು ಮೊದಲು, ಅದು ಊರಿನದೋ ಮನೆಯದೋ ಆಗಿರಬಹುದು. ಮಹಾರಾಷ್ಟ್ರದ ದಾಖಲೆಯಲ್ಲಿ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಆಡನಾವ್, ಅಂದರೆ ಮನೆತನದ ಹೆಸರು. ಮದುವೆಯಾದ ಹೆಂಗಸಿನ ನಡುಹೆಸರು ಅಪ್ಪನಿಂದ ಗಂಡನಿಗೆ ಬದಲಾಗುತ್ತದೆ. ಒಬ್ಬಳೇ ಟೀಚರಮ್ಮ ಶಾಲೆಯ ಪುಸ್ತಕದಲ್ಲಿ ಇಬ್ಬರಾಗಿ ಕೂತಿರುತ್ತಾಳೆ.

ಎರಡು ಇಸವಿಯ ಕಾಲಮ್ಮು ಇಲ್ಲಿ ಬೇರೆ ಬಣ್ಣ ತಾಳುತ್ತದೆ. ಯಶವಂತ ಚಿತ್ತಾಲರು ಹುಟ್ಟಿದ್ದು 1928ರಲ್ಲಿ ಹನೇಹಳ್ಳಿಯಲ್ಲಿ, ಬಾಳಿದ್ದು, ಬರೆದದ್ದು ಬಹುಪಾಲು ಮುಂಬಯಿಯಲ್ಲಿ, 2014ರಲ್ಲಿ ತೀರಿಕೊಂಡದ್ದೂ ಇಲ್ಲೇ. ಹುಟ್ಟಿನ ಲೆಕ್ಕ ಹಿಡಿದರೆ ಮುಂಬಯಿಗೆ ಅವರಿಲ್ಲ. 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಪಕ್ಕ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದ ರಾಮ ನಾಯಕರೂ ಇಲ್ಲ. ಆ ಲೆಕ್ಕ ಹಿಡಿದರೆ ಮುಂಬಯಿ ಕನ್ನಡಿಗರ ಚರಿತ್ರೆಯ ಮೊದಲ ತಲೆಮಾರೇ ಖಾಲಿ.

ಗೇಲ್ಸ್‌ಬರ್ಗಿನ ಲೈಬ್ರರಿ 1958ರಲ್ಲಿ ಬೆಂಕಿಗೆ ಹೋಯಿತು. ಟ್ಯಾನಿಂಗ್ ಹುಡುಗಿಯಾಗಿದ್ದಾಗ ಕೆಲಸ ಮಾಡಿದ್ದ ಲೈಬ್ರರಿ. ಮುಂಬಯಿಯಲ್ಲಿ ಬೆಂಕಿಗಿಂತ ಜುಲೈ ತಿಂಗಳ ಭಯ ಹೆಚ್ಚು. ಸಂಘದ ರೆಜಿಸ್ಟರನ್ನು ನೆಲದಿಂದ ಎರಡು ಅಡಿ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಹರಿದ ಹಾಳೆಗೆ ಸೆಲೋಟೇಪ್ ಬೇಡ, ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಶಾಯಿಯನ್ನು ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅದನ್ನು ಬಿಡಿಸಲಾಗದು. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ, ಪಕ್ಕಕ್ಕೊಂದು ಸ್ಕೇಲು ಇರಲಿ, ಖಾಲಿ ಪುಟವೆಂದು ಹಾರಿಸಬೇಡಿ. ಕೊನೆಗೆ ಹಿಂದಿನ ರಟ್ಟಿನ ಒಳಮೈಯದೂ ಒಂದು ತೆಗೆಯಿರಿ. ವರ್ಗಣಿ (ಚಂದಾ) ಬಾಕಿ ಇಟ್ಟು ಊರಿಗೆ ಹೋದವರ ಹೆಸರು ಪೆನ್ಸಿಲಿನಲ್ಲಿ ಗೀಚಿಡುವುದು ಅಲ್ಲೇ.